ಮನೆಯೊಳಗೆ ಮಕ್ಕಳ ಪೋರ್ಟ್ರೇಟ್‌ಗೆ ಕ್ಯಾನನ್ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ: ಮೊದಲು ಕೋಣೆ ಅಳೆಯಿರಿ

ಪುಟ್ಟ ಮಕ್ಕಳ ಫೋಟೋ ತೆಗೆಯಲು ಯಾವ ಲೆನ್ಸ್ ಕೊಳ್ಳಲಿ ಎಂದು ಯಾರೇ ಕೇಳಲಿ, ಹತ್ತರಲ್ಲಿ ಒಂಬತ್ತು ಜನರ ಬಾಯಲ್ಲಿ ಬರುವ ಹೆಸರು ಕ್ಯಾನನ್ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ. ಲೆನ್ಸ್ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಮನೆಯಲ್ಲಿ ಅದು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಲೆನ್ಸಿನ ಬಾಯಿ ಎಷ್ಟು ತೆರೆಯುತ್ತದೆಂದು ಹೇಳುವ ಎಫ್/1.8 ಎಂಬ ಅಂಕಿ (ಅಂಕಿ ಚಿಕ್ಕದಾದಷ್ಟೂ ತೆರವು ದೊಡ್ಡದು) ಅಲ್ಲ, ಗೋಡೆಯಿಂದ ಗೋಡೆಗೆ ಇರುವ ಅಂತರ. ಕೊಳ್ಳುವ ಮುನ್ನ ಟೇಪ್ ಹಿಡಿದು ಕೋಣೆ ಅಳೆಯಿರಿ.

ಕ್ರಾಪ್ ಸೆನ್ಸರ್ (ಚಿತ್ರ ಹಿಡಿಯುವ ಚಿಪ್ ಚಿಕ್ಕದಾಗಿರುವ) ಕ್ಯಾಮೆರಾದಲ್ಲಿ ಈ ಲೆನ್ಸ್ 80 ಎಂಎಂನಷ್ಟು ಕಿರಿದಾದ ನೋಟ ಕೊಡುತ್ತದೆ. ನಿಂತಿರುವ ಮಗುವಿನ ಎತ್ತರ 85 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು, ತಲೆಯ ಮೇಲೂ ಪಾದದ ಕೆಳಗೂ ಸ್ವಲ್ಪ ಜಾಗ ಬಿಟ್ಟು ತೆಗೆಯಬೇಕೆಂದರೆ 2.5 ಮೀಟರ್ ದೂರ ಬೇಕು. ಕೂತ ಮಗುವಿಗೆ 1.7 ಮೀಟರ್, ಮುಖ ಮತ್ತು ಭುಜಕ್ಕೆ ಒಂದು ಮೀಟರ್ ಸಾಕು. ಕ್ಯಾಮೆರಾದ ಹಿಂದೆ ನೀವು ಕೂರಲು ಅರ್ಧ ಮೀಟರ್ ಬೇಕು. ಹಿನ್ನೆಲೆ ಮಸುಕಾಗಬೇಕಾದರೆ ಮಗು ತನ್ನ ಹಿಂದಿನ ಗೋಡೆಯಿಂದ ಒಂದು, ಒಂದೂವರೆ ಮೀಟರಾದರೂ ಮುಂದಿರಬೇಕು. ಎಲ್ಲ ಕೂಡಿಸಿದರೆ ನಾಲ್ಕು, ನಾಲ್ಕೂವರೆ ಮೀಟರ್ ಆಯಿತು. ಮಗುವನ್ನು ಗೋಡೆಗೆ ಒರಗಿಸಿ ಕೂರಿಸಿದರೆ ಎಫ್/1.8 ಇದ್ದರೂ ಹಿಂದಿನ ಸ್ವಿಚ್‌ಬೋರ್ಡು, ಗೋಡೆಯ ಕಲೆ ಎಲ್ಲ ಕಾಣಿಸಿಕೊಳ್ಳುತ್ತವೆ.

ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾ ಇದ್ದವರಿಗೆ ಇಕ್ಕಟ್ಟು ಕಡಿಮೆ. ಅದೇ ನಿಂತ ಮಗು 1.6 ಮೀಟರ್ ದೂರದಿಂದಲೇ ಫ್ರೇಮಿನೊಳಗೆ ಬರುತ್ತದೆ. ಅಲ್ಲಿ ಬೇರೊಂದು ಎಚ್ಚರಿಕೆ ಬೇಕು: ಮುಖ ತುಂಬಿಸಲು 70 ಸೆಂಟಿಮೀಟರ್‌ವರೆಗೆ ನುಗ್ಗಿದರೆ ಮೂಗು ದಪ್ಪವಾಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ಒಂದು ಮೀಟರಿನಲ್ಲೇ ನಿಂತು ಆಮೇಲೆ ಕತ್ತರಿಸಿಕೊಳ್ಳುವುದು ಲೇಸು.

ಕ್ರಾಪ್ ಸೆನ್ಸರ್ ಇದ್ದು ಕೋಣೆ ಮೂರು ಮೀಟರ್ ಮಾತ್ರ ಎಂದಾದರೆ ಎರಡು ದಾರಿ. ಬಾಗಿಲಾಚೆ, ಪಕ್ಕದ ಕೋಣೆಯಲ್ಲಿ ಕೂತು ಬಾಗಿಲ ಮೂಲಕ ತೆಗೆಯುವುದು ಒಂದು. ಇಎಫ್-ಎಸ್ 24 ಎಂಎಂ ಎಫ್/2.8 ಎಸ್‌ಟಿಎಂ ಕೊಳ್ಳುವುದು ಇನ್ನೊಂದು. 24 ಎಂಎಂನಲ್ಲಿ ಹಿನ್ನೆಲೆ ಅಷ್ಟು ಕರಗುವುದಿಲ್ಲ, ಮುಖದ ಹತ್ತಿರದ ಚಿತ್ರಕ್ಕೂ ಅದು ಹೇಳಿದ್ದಲ್ಲ. ಆಟದ ಸಾಮಾನಿನ ನಡುವೆ ಕೂತ ಮಗುವಿನ ಪೂರ್ತಿ ಚಿತ್ರಕ್ಕೆ ಮಾತ್ರ ಅದೇ ಸರಿ.

ಕೋಣೆ ಹೊಂದಿತು ಎನ್ನಿ. ಈಗ ಈ ಲೆನ್ಸ್ ತನ್ನ ಬೆಲೆಯನ್ನು ಎಲ್ಲಿ ತೀರಿಸುತ್ತದೆ ನೋಡೋಣ. ಕ್ಯಾಮೆರಾ ಜೊತೆ ಬರುವ 18-55 ಲೆನ್ಸಿನಲ್ಲಿ 55ರ ತುದಿಗೆ ಹೋದರೆ ಸಿಗುವುದು ಎಫ್/5.6. ಎಫ್/1.8 ಅದರ ಹತ್ತಿರಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಕಿಟ್ ಲೆನ್ಸಿನಲ್ಲಿ ಇಮೇಜ್ ಸ್ಟೆಬಿಲೈಸೇಶನ್ ಇದೆ, ಇದರಲ್ಲಿಲ್ಲ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಆ ಸೌಲಭ್ಯ ತಡೆಯುವುದು ನಿಮ್ಮ ಕೈ ನಡುಕವನ್ನು, ಮಗುವಿನ ಚಲನೆಯನ್ನಲ್ಲ. ಮಗು ಕೂತಿದ್ದರೂ ಅದರ ಕೈ ಕೂತಿರುವುದಿಲ್ಲ. ಹಾಗಾಗಿ ಶಟರ್ ವೇಗ 1/250 ಸೆಕೆಂಡಿಗಿಂತ ಕೆಳಗೆ ಇಳಿಯಬಾರದು. ಅಂಬೆಗಾಲಿಡುವ, ಓಡುವ ಮಗುವಿಗೆ 1/500 ಇಡಿ.

ಬಹಳ ಜನ ಎಡವುವುದು ಇಲ್ಲೇ. ಅಪರ್ಚರ್ ಪ್ರಯಾರಿಟಿ ಮೋಡ್‌ನಲ್ಲಿ ಅಪರ್ಚರನ್ನು (ಲೆನ್ಸಿನ ತೆರವನ್ನು) ಮಾತ್ರ ಎಫ್/1.8ಕ್ಕೆ ಇಟ್ಟು ಉಳಿದದ್ದನ್ನು ಕ್ಯಾಮೆರಾಗೆ ಬಿಡುತ್ತಾರೆ. ಕ್ಯಾಮೆರಾ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ; ಹೆಚ್ಚಿದಷ್ಟೂ ಚಿತ್ರ ಕಾಳುಕಾಳು) ಏರದಂತೆ ನೋಡಲು ಹೋಗಿ ಶಟರನ್ನು 1/60ಕ್ಕೆ ಇಳಿಸುತ್ತದೆ, ಕೈಬೆರಳು ಅಲುಗಿ ಚಿತ್ರ ಕೆಡುತ್ತದೆ, ಬೈಗುಳ ಲೆನ್ಸಿಗೆ. ಮ್ಯಾನ್ಯುಯಲ್ ಮೋಡ್‌ನಲ್ಲಿ 1/250, ಎಫ್/2.8 ಇಟ್ಟು, ಐಎಸ್ಒ ಆಟೊಗೆ ಹಾಕಿ 3200ರ ಮಿತಿ ಕೊಡಿ. ಹಗಲಿನಲ್ಲಿ ಕಿಟಕಿಯ ಬಳಿ ಐಎಸ್ಒ ಸಾಮಾನ್ಯವಾಗಿ ಅಷ್ಟು ಮೇಲೆ ಹೋಗುವುದೇ ಇಲ್ಲ. ಹೋದರೂ ಚಿಂತೆಯಿಲ್ಲ. ಕಾಳುಕಾಳಾದ ಚಿತ್ರವನ್ನು ಸರಿಮಾಡಬಹುದು, ಅಲುಗಿದ ಕಣ್ಣನ್ನು ಸರಿಮಾಡಲಾಗದು.

ಎಫ್/1.8 ಇರುವ ಲೆನ್ಸನ್ನು ಎಫ್/2.8ಕ್ಕೆ ಇಡಲು ಹೇಳುವುದೇಕೆ? ಕ್ರಾಪ್ ಸೆನ್ಸರಿನಲ್ಲಿ, ಒಂದು ಮೀಟರ್ ದೂರದಲ್ಲಿ, ಎಫ್/1.8ರಲ್ಲಿ ಸ್ಪಷ್ಟವಾಗಿ ಮೂಡುವ ಆಳ ಮೂರು ಸೆಂಟಿಮೀಟರಿಗೂ ಕಡಿಮೆ. ಮಗು ಮುಖವನ್ನು ತುಸು ಓರೆ ಮಾಡಿದರೆ ಸಾಕು: ಹತ್ತಿರದ ಕಣ್ಣಿನ ರೆಪ್ಪೆಗೂದಲನ್ನು ಒಂದೊಂದಾಗಿ ಎಣಿಸಬಹುದು, ಆಚೆಯ ಕಣ್ಣು ಆಗಲೇ ಮಂಜು, ಕಿವಿಯಂತೂ ಗುರುತೇ ಸಿಗದಷ್ಟು ಕರಗಿರುತ್ತದೆ. ಎಫ್/2.8ಕ್ಕೆ ಬಂದರೆ ಆಳ ನಾಲ್ಕು ಸೆಂಟಿಮೀಟರ್ ದಾಟುತ್ತದೆ. ಅದೇ ಎಫ್/2.8ರಲ್ಲಿ 1.7 ಮೀಟರಿಗೆ ಹಿಂದೆ ಸರಿದರೆ ಸುಮಾರು 12 ಸೆಂಟಿಮೀಟರ್. ಅಂದರೆ ಅಪರ್ಚರ್ ಮುಚ್ಚುವುದಕ್ಕಿಂತ ಎರಡು ಹೆಜ್ಜೆ ಹಿಂದೆ ಹೋಗುವುದೇ ಹೆಚ್ಚು ಆಳ ಕೊಡುತ್ತದೆ. ಅಕ್ಕ ತಮ್ಮ ಇಬ್ಬರೂ ಇದ್ದರೆ ಎಫ್/4ಕ್ಕೆ ಹೋಗಿ, ಇಬ್ಬರ ಕಣ್ಣೂ ಕ್ಯಾಮೆರಾದಿಂದ ಒಂದೇ ದೂರದಲ್ಲಿರುವಂತೆ ಕೂರಿಸಿ.

ಫೋಕಸ್ ಬಿಂದು ಒಂದನ್ನೇ ಆರಿಸಿ, ಅದನ್ನು ಹತ್ತಿರದ ಕಣ್ಣಿನ ಮೇಲೆ ಇಡಿ. ನಡುಬಿಂದುವಿನಿಂದ ಫೋಕಸ್ ಮಾಡಿ ಆಮೇಲೆ ಕ್ಯಾಮೆರಾ ಹೊರಳಿಸುವ ಅಭ್ಯಾಸ ಈ ಲೆನ್ಸಿಗೆ ಆಗಿಬರುವುದಿಲ್ಲ. ಹೊರಳಿಸುವಷ್ಟರಲ್ಲಿ ಆ ಮೂರು ಸೆಂಟಿಮೀಟರ್ ಕೈತಪ್ಪಿರುತ್ತದೆ. ಫೋಕಸ್ ಮಾಡುವ ಎಸ್‌ಟಿಎಂ ಮೋಟಾರ್ ಕೂತ ಮಗುವಿಗೆ, ಪಕ್ಕಕ್ಕೆ ನಡೆಯುವ ಮಗುವಿಗೆ ಸಾಕಷ್ಟು ಚುರುಕು. ಮಗು ನೇರವಾಗಿ ಕ್ಯಾಮೆರಾ ಕಡೆಗೆ ಓಡಿ ಬಂದರೆ ಚಲಿಸುವುದನ್ನು ಹಿಂಬಾಲಿಸುವ ಎಐ ಸರ್ವೋ ಫೋಕಸ್‌ನಲ್ಲೂ ಅದು ಹಿಂದೆ ಬೀಳುತ್ತದೆ. ಮೂರು ನಾಲ್ಕು ಚಿತ್ರ ಒಟ್ಟಿಗೆ ತೆಗೆದರೆ ಒಂದಾದರೂ ಉಳಿಯಬಹುದು.

ಬೆಳಕಿನ ವಿಷಯದಲ್ಲಿ ಈ ಲೆನ್ಸ್ ಕೇಳುವುದು ಒಂದು ಕಿಟಕಿ ಮಾತ್ರ. ಮಗುವನ್ನು ಕಿಟಕಿಯಿಂದ ಸುಮಾರು ಒಂದು ಮೀಟರ್ ದೂರದಲ್ಲಿ, ಬೆಳಕು ಒಂದು ಪಕ್ಕದಿಂದ ಬೀಳುವಂತೆ ಕೂರಿಸಿ. ನೇರ ಬಿಸಿಲಿದ್ದರೆ ತೆಳು ಬಿಳಿ ಪರದೆ ಎಳೆಯಿರಿ. ಇನ್ನೊಂದು ಪಕ್ಕದಲ್ಲಿ, ಮುಖದಿಂದ ಅರ್ಧ ಮೀಟರ್ ದೂರಕ್ಕೆ, ಬಿಳಿ ಹಾಸುಬಟ್ಟೆಯನ್ನೋ ಥರ್ಮೊಕೋಲ್ ಹಲಗೆಯನ್ನೋ ನಿಲ್ಲಿಸಿದರೆ ಕೆನ್ನೆಯ ನೆರಳು ತಿಳಿಯಾಗುತ್ತದೆ. ದೀಪಗಳನ್ನೆಲ್ಲ ಆರಿಸಿ. ಬಲ್ಬ್ ಉರಿಯುತ್ತಿದ್ದರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ವೈಟ್ ಬ್ಯಾಲೆನ್ಸ್ ಎಷ್ಟು ತಿದ್ದಿದರೂ ಎರಡೂ ಒಟ್ಟಿಗೆ ಸರಿಹೋಗುವುದಿಲ್ಲ. ಕೆಲವು ಎಲ್ಇಡಿ ದೀಪಗಳ ಮಿಣುಕಿನಿಂದ 1/500ರಲ್ಲಿ ಅಡ್ಡಪಟ್ಟಿಗಳೂ ಮೂಡುತ್ತವೆ. ಹತ್ತಿರದಲ್ಲಿ ಹಸಿರು ಗೋಡೆ ಇದ್ದರೆ ಆ ಬಣ್ಣ ಗಲ್ಲದ ಕೆಳಗೆ ಬಂದು ಕೂರುತ್ತದೆ. ನೀವು ನೆಲದ ಮೇಲೆ ಹೊಟ್ಟೆ ಊರಿ ಮಲಗಿ, ಲೆನ್ಸ್ ಮಗುವಿನ ಕಣ್ಣಿನ ಮಟ್ಟಕ್ಕೆ ಬರಲಿ. ಆಗ ಕಿಟಕಿಯ ಚೌಕ ಕಣ್ಣಪಾಪೆಯಲ್ಲಿ ಪುಟ್ಟ ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ, ಕಣ್ಣಿಗೆ ಜೀವ ಬರುತ್ತದೆ. ನಿಂತಲ್ಲಿಂದ ತೆಗೆದರೆ ತಲೆ ದೊಡ್ಡದು, ಕಾಲು ಗಿಡ್ಡ.

ಕುಂದುಗಳೂ ಇವೆ. ಎಫ್/1.8ರಲ್ಲಿ ಬಿಳಿ ಅಂಗಿಯ ಅಂಚಿಗೆ, ಕಿಟಕಿಯ ಬೆಳಕು ತಾಗಿದ ಕೂದಲಿಗೆ ನೇರಳೆ ಗೆರೆ ಹತ್ತುತ್ತದೆ. ಎಫ್/2.8ಕ್ಕೆ ಬಂದರೆ ಬಹುಪಾಲು ಹೋಗುತ್ತದೆ. ಕಿಟಕಿಯನ್ನು ಮಗುವಿನ ಬೆನ್ನಿಗಿಟ್ಟು ತೆಗೆದರೆ ಚಿತ್ರ ಮಸಕಾಗಿ ಸಪ್ಪೆಯಾಗುತ್ತದೆ. ಮ್ಯಾನ್ಯುಯಲ್ ಫೋಕಸ್ ಉಂಗುರ ಮೋಟಾರಿನ ಮೂಲಕವೇ ಕೆಲಸ ಮಾಡುವುದರಿಂದ ಕ್ಯಾಮೆರಾ ಆಫ್ ಇದ್ದಾಗ ತಿರುಗಿಸಿ ಪ್ರಯೋಜನವಿಲ್ಲ.

ಇದೇ ಲೆನ್ಸಿನ 1990ರ ಹಳೆಯ ಎರಡನೇ ಆವೃತ್ತಿ ಸೆಕೆಂಡ್ ಹ್ಯಾಂಡ್ ಸಿಗುತ್ತದೆ ಎಂದು ಆಸೆಪಡಬೇಡಿ. ಅದರ ಮೌಂಟ್ (ಕ್ಯಾಮೆರಾಗೆ ಕೂರುವ ಭಾಗ) ಪ್ಲಾಸ್ಟಿಕ್, ಅಪರ್ಚರ್ ಎಲೆ ಐದೇ, 45 ಸೆಂಟಿಮೀಟರಿಗಿಂತ ಹತ್ತಿರ ಫೋಕಸ್ ಆಗದು. 2015ರ ಈ ಎಸ್‌ಟಿಎಂನಲ್ಲಿ ಲೋಹದ ಮೌಂಟ್, ಏಳು ಎಲೆ, 35 ಸೆಂಟಿಮೀಟರ್‌ವರೆಗಿನ ಫೋಕಸ್. ಶಿಶುವಿನ ಬೆರಳು, ಪಾದದ ಚಿತ್ರಕ್ಕೆ ಆ ಹತ್ತು ಸೆಂಟಿಮೀಟರ್ ನಿಜಕ್ಕೂ ಬೇಕು. ಆರ್ ಸರಣಿಯ ಮಿರರ್‌ಲೆಸ್ ಇದ್ದವರು ಈ ಲೆನ್ಸ್ ಕೂರಿಸಲು ಬೇಕಾಗುವ ಅಡಾಪ್ಟರ್ ತಂಟೆಗೆ ಹೋಗದೆ 2020ರ ಆರ್‌ಎಫ್ 50 ಎಂಎಂ ಎಫ್/1.8 ಎಸ್‌ಟಿಎಂ ತೆಗೆದುಕೊಳ್ಳಲಿ. ಅದು 30 ಸೆಂಟಿಮೀಟರ್‌ವರೆಗೆ ಹೋಗುತ್ತದೆ. ಕಣ್ಣು ಹುಡುಕಿ ಹಿಡಿಯುವ ಕೆಲಸ ಅಲ್ಲಿ ಕ್ಯಾಮೆರಾದ್ದೇ.

ಲೆನ್ಸಿನ ಜೊತೆಗೇ ಅದರ ಮುಂತುದಿಗೆ ಸಿಕ್ಕಿಸುವ ಇಎಸ್-68 ಹುಡ್ ಕೊಳ್ಳಿ, ಡಬ್ಬಿಯಲ್ಲಿ ಅದು ಬರುವುದಿಲ್ಲ. ಫೋಕಸ್ ಮಾಡುವಾಗ ಈ ಲೆನ್ಸಿನ ಒಳಕೊಳವೆ ಮುಂದಕ್ಕೆ ಚಾಚುತ್ತದೆ. ಒಂದೂವರೆ ವರ್ಷದ ಮಗು ಕ್ಯಾಮೆರಾ ಕಂಡೊಡನೆ ಮೊದಲು ಕೈ ಹಾಕುವುದು ಅಲ್ಲಿಗೇ. ಚಾಚಿದ ಕೊಳವೆಯನ್ನು ಹಿಡಿದು ಒತ್ತಿದರೆ ಒಳಗಿನ ಹಲ್ಲುಚಕ್ರಕ್ಕೆ ಪೆಟ್ಟು ಬೀಳಬಹುದು. ಹುಡ್ ಇದ್ದರೆ ಬೆರಳು ಗಾಜಿಗೂ ಕೊಳವೆಗೂ ಸುಲಭವಾಗಿ ತಲುಪದು. ಕೆಳಗಿಡುವ ಮುನ್ನ ಕ್ಯಾಮೆರಾ ಆಫ್ ಮಾಡಿ, ಹಲವು ಕ್ಯಾಮೆರಾಗಳಲ್ಲಿ ಕೊಳವೆ ತಾನಾಗಿ ಒಳಸೇರುತ್ತದೆ. ಕತ್ತುಪಟ್ಟಿಯನ್ನು ಕೈಗೆ ಸುತ್ತಿಕೊಳ್ಳಿ, ಮಗುವಿನ ಕಡೆಗೆ ಜೋತುಬೀಳದಿರಲಿ.