ನ್ಯಾರೋಬೋಟಿನ ಚಳಿಗಾಲ: ಕರೆಂಟ್ ಹೀಟರ್, ಡೀಸೆಲ್ ಹೀಟರ್, ಕಲ್ಲಿದ್ದಲ ಒಲೆ

ಇಂಗ್ಲೆಂಡಿನ ಕಾಲುವೆಯಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡಿದ್ದೇವೆ ಅಂದರೆ ಎಲ್ಲರೂ ಮೊದಲು ಕೇಳುವುದು ಚಳಿಯ ಬಗ್ಗೆ. ತೇವದ ಬಗ್ಗೆ ಕೇಳಿ ಅನ್ನುತ್ತೇನೆ ನಾನು. ನ್ಯಾರೋಬೋಟ್ ಅನ್ನುವ ಈ ಕಿರಿದಾದ, ಉದ್ದನೆಯ ಕಾಲುವೆ ದೋಣಿಯ ಮೈಯೆಲ್ಲ ಉಕ್ಕು. ಹೊರಗೆ ತಣ್ಣೀರು. ಒಳಗೆ ಎರಡು ಮೀಟರ್ ಅಗಲದ ಜಾಗದಲ್ಲಿ ನಮ್ಮ ಉಸಿರು, ಸ್ನಾನ, ಕುಕ್ಕರಿನ ಹಬೆ. ಅಡುಗೆ ಗ್ಯಾಸ್ ಕೂಡ ಸುಮ್ನೆ ಇರುವುದಿಲ್ಲ. ಒಂದು ಕೆ.ಜಿ. ಪ್ರೊಪೇನ್ ಉರಿದರೆ ಸುಮಾರು 1.6 ಲೀಟರ್ ನೀರು ಹಬೆಯಾಗಿ ಗಾಳಿ ಸೇರುತ್ತದೆ. ಅದೆಲ್ಲ ಕಿಟಕಿಯ ಮೇಲೆ, ಹಾಸಿಗೆಯ ಹಿಂದೆ ನೀರಾಗಿ ಕೂರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಒಣಗದೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದಲ್ವಾ, ಹಾಗೇ.

ನಮ್ಮ ದೋಣಿ ಇರುವುದು ಗ್ರ್ಯಾಂಡ್ ಯೂನಿಯನ್ ಕಾಲುವೆಯ ಪಕ್ಕದ ಒಂದು ಮರೀನಾದಲ್ಲಿ, ಅಂದರೆ ದೋಣಿಗಳ ತಂಗುದಾಣದಲ್ಲಿ. ಮೂರೂ ಬಗೆಯ ಬಿಸಿಯನ್ನು ಒಂದೇ ದೋಣಿಯಲ್ಲಿ ಬಳಸಿ ನೋಡಿದ್ದೇನೆ.

ಕರೆಂಟ್ ಹೀಟರ್ ಎಲ್ಲಕ್ಕಿಂತ ಸುಲಭ. ದಡದ ಕಂಬಕ್ಕೆ ವೈರು ಹಾಕಿ, ಎಣ್ಣೆ ತುಂಬಿದ ರೇಡಿಯೇಟರ್ ಹಚ್ಚಿದರೆ ಆಯಿತು. ಬೂದಿಯಿಲ್ಲ, ಸದ್ದಿಲ್ಲ. ಆದರೆ 16 ಆಂಪಿಯರ್ ಸಂಪರ್ಕದಿಂದ ಸಿಗುವುದು ಸುಮಾರು 3.6 ಕಿಲೋವ್ಯಾಟ್. 2 ಕಿಲೋವ್ಯಾಟಿನ ಹೀಟರ್ ಉರಿಯುತ್ತಿರುವಾಗ ಚಹಾಕ್ಕೆ ಕೆಟಲ್ ಹಾಕಿದರೆ ಟ್ರಿಪ್ ಆಗುತ್ತದೆ. ಜನವರಿಯ ಕತ್ತಲಲ್ಲಿ, ಮಂಜು ಗಟ್ಟಿಯಾದ ಹಲಗೆಯ ಮೇಲೆ ನಡೆದು ಹೋಗಿ ಸ್ವಿಚ್ ಎತ್ತಬೇಕು. ಕೆಲವು ಮರೀನಾಗಳಲ್ಲಿ ಇಷ್ಟು ಆಂಪಿಯರ್ ಕೂಡ ಸಿಗುವುದಿಲ್ಲ. ನನ್ನ ದೊಡ್ಡ ತಕರಾರು ಬೇರೆ. ಈ ಹೀಟರ್ ಗಾಳಿಯನ್ನು ಬಿಸಿ ಮಾಡುತ್ತದೆ, ಬದಲಾಯಿಸುವುದಿಲ್ಲ. ತೇವ ಇದ್ದಲ್ಲೇ ಇರುತ್ತದೆ. ಬೆಳಗ್ಗೆ ಕಿಟಕಿ ಒರೆಸಿದ ಬಟ್ಟೆ ಹಿಂಡಿದರೆ ನೀರು ಇಳಿಯುತ್ತಿತ್ತು.

ಡೀಸೆಲ್ ಹೀಟರಿನ ಗುಣ ಅದರ ವೇಗ. ಟೈಮರ್ ಇಟ್ಟರೆ ನಾವು ಏಳುವ ಹೊತ್ತಿಗೆ ಕೋಣೆ ಬೆಚ್ಚಗಿರುತ್ತದೆ. ಉರಿಯುವ ಭಾಗ ಪೂರ್ತಿ ಮುಚ್ಚಿರುವುದರಿಂದ ಅದರ ಹೊಗೆ, ಹಬೆ ಎರಡೂ ಹೊರಗೇ ಹೋಗುತ್ತವೆ. ಆದರೆ ನಮ್ಮದು ಒಳಗಿನ ಗಾಳಿಯನ್ನೇ ಎಳೆದು ಬಿಸಿ ಮಾಡಿ ಬಿಡುವಂಥದ್ದು. ಹಾಗಾಗಿ ತೇವದ ಲೆಕ್ಕದಲ್ಲಿ ಕರೆಂಟಿಗಿಂತ ಸ್ವಲ್ಪ ಮೇಲು, ಅಷ್ಟೇ. ಸದಾ ಕಡಿಮೆ ಉರಿಯಲ್ಲಿಟ್ಟರೆ ಒಳಗೆ ಮಸಿ ಕಟ್ಟುತ್ತದೆ. ಆಗಾಗ ಪೂರ್ತಿ ಉರಿಯಲ್ಲಿ ಓಡಿಸಬೇಕು. ಪಕ್ಕದ ದೋಣಿ ಕೈಗೆಟುಕುವಷ್ಟು ಹತ್ತಿರ ಇರುವ ಮರೀನಾದಲ್ಲಿ ಅದರ ಗುಂಯ್ ಸದ್ದು ಬೆಳಗಿನ ಜಾವ ಯಾರಿಗೂ ಹಿತವಲ್ಲ. ಡೀಸೆಲ್ ಕೊಳ್ಳುವಾಗ ಎಷ್ಟು ದೋಣಿ ಓಡಿಸಲು, ಎಷ್ಟು ಬಿಸಿಗೆ ಎಂದು ಹೇಳಬೇಕು. ಓಡಿಸುವ ಪಾಲಿಗೆ ಸುಂಕ ಜಾಸ್ತಿ. ಓಡಿಸಲು 60, ಬಿಸಿಗೆ 40 ಪಾಲು ಎಂದು ಬರೆಸುವುದು ರೂಢಿ.

ಇನ್ನು ಒಲೆ. ನನ್ನ ಮನಸ್ಸು ಇದರ ಕಡೆಗೇ, ಮುಚ್ಚಿಡುವುದೇನಿಲ್ಲ. ಒಲೆ ಉರಿಯಲು ಒಳಗಿನ ಗಾಳಿ ಬೇಕು. ಆ ಗಾಳಿ ತೇವವನ್ನೂ ಕರೆದುಕೊಂಡು ಚಿಮಣಿಯಿಂದ ಹೊರಗೆ ಹೋಗುತ್ತದೆ, ಗಾಳಿಗೂಡುಗಳಿಂದ ಹೊಸ ಗಾಳಿ ಬರುತ್ತದೆ. ಒಲೆ ಹಚ್ಚಿದ ವಾರದಲ್ಲೇ ಕಿಟಕಿ ಒರೆಸುವ ಕೆಲಸ ಬಹುಪಾಲು ನಿಂತಿತು. ಬಚ್ಚಲ ಬಳಿ ಹಾಕಿದ ಟವೆಲ್ ಬೆಳಗ್ಗೆ ಗರಿಗರಿ.

ಕೆಲಸ ಮಾತ್ರ ಇದೆ. 2023ರ ಮೇ ತಿಂಗಳಿಂದ ಇಂಗ್ಲೆಂಡಿನಲ್ಲಿ ಮನೆಬಳಕೆಗೆ ಸಾದಾ ಕಲ್ಲಿದ್ದಲು ಮಾರುವಂತಿಲ್ಲ. ಹೊಗೆ ಕಡಿಮೆ ಬಿಡುವ ಉಂಡೆಗಳನ್ನೇ ತರಬೇಕು. ಕಾಲುವೆಯಲ್ಲಿ ಬರುವ ಇಂಧನದ ದೋಣಿಯಿಂದಲೂ ಮೂಟೆ ಸಿಗುತ್ತದೆ. ರಾತ್ರಿ ತುಂಬಿಸಿ ಕೆಳಗಿನ ಗಾಳಿಕಿಂಡಿ ಕಿರಿದು ಮಾಡಿದರೆ ಬೆಳಗಿನವರೆಗೆ ಕೆಂಡ ಉಳಿಯುತ್ತದೆ. ಜಾಲರಿ ಅಲ್ಲಾಡಿಸಿ ಬೂದಿ ಇಳಿಸಿ, ಕಿಂಡಿ ತೆರೆದರೆ ಮತ್ತೆ ಉರಿ. ಸೌದೆ ಹಾಕುವುದಾದರೆ ತೇವ 20 ಶೇಕಡಾ ಮೀರಿರಬಾರದು. ಹಸಿ ಸೌದೆ ಚಿಮಣಿಯೊಳಗೆ ಟಾರು ಕಟ್ಟಿಸುತ್ತದೆ, ಚಾವಣಿಯ ಬಣ್ಣದ ಮೇಲೂ ಕಂದು ಗೆರೆ ಇಳಿಸುತ್ತದೆ.

ಬೂದಿಯ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಬಿಸಿ ಬೂದಿಯಿಂದಲೂ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಬರುತ್ತದೆ. ಮುಚ್ಚಳದ ಕಬ್ಬಿಣದ ಬಕೆಟ್‌ಗೆ ಹಾಕಿ ತಕ್ಷಣ ಹೊರಗಿಡಬೇಕು. ಚಳಿ ಎಂದು ಗಾಳಿಗೂಡಿಗೆ ಬಟ್ಟೆ ತುರುಕುವುದು ಜೀವಕ್ಕೇ ಅಪಾಯ. 2019ರ ಏಪ್ರಿಲ್‌ನಿಂದ ದೋಣಿಗಳ ಸುರಕ್ಷತೆ ನೋಡುವ ಬೋಟ್ ಸೇಫ್ಟಿ ಸ್ಕೀಮ್ ತಪಾಸಣೆಯಲ್ಲಿ ಈ ವಿಷಾನಿಲದ ಅಲಾರಂ ಇದೆಯೇ ಎಂದೂ ನೋಡುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಬರುವ ಆ ತಪಾಸಣೆಗೆ ಕಾಯದೆ, ವಾರಕ್ಕೊಮ್ಮೆ ಗುಂಡಿ ಒತ್ತಿ ನೋಡಿ.

ಒಲೆಯ ಒಂದು ಕೊರತೆ ನಿಜ. ಅದು ದೋಣಿಯ ಮುಂದಿನ ತುದಿಯಲ್ಲಿ, ಮಂಚ ಹಿಂದಿನ ತುದಿಯಲ್ಲಿ. ಒಲೆಯ ಬಿಸಿಯಿಂದಲೇ ತಿರುಗುವ ಪುಟ್ಟ ಫ್ಯಾನ್ ಮೇಲಿಟ್ಟರೂ ಹಿಂದೆ ಥಂಡಿಯೇ.

ಅದಕ್ಕೇ ನವೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮಲ್ಲಿ ಹಗಲೂ ರಾತ್ರಿ ಒಲೆ. ಡೀಸೆಲ್ ಹೀಟರ್ ಕೆಲಸದಿಂದ ಬಂದ ಸಂಜೆ ಅರ್ಧ ಗಂಟೆ. ಕರೆಂಟ್ ಹೀಟರ್ ಮಲಗುವ ಕೋಣೆಗೆ, ಸಣ್ಣ ಉರಿಯಲ್ಲಿ. ಮರೀನಾದಲ್ಲಿ ವಾರಾಂತ್ಯ ಮಾತ್ರ ತಂಗುವವರಿಗೆ ಡೀಸೆಲ್ ಹೀಟರೇ ಸಾಕು, ಒಲೆ ಬಿಸಿಯಾಗುವಷ್ಟರಲ್ಲಿ ಅವರ ರಜೆ ಮುಗಿದಿರುತ್ತದೆ. ಮಂಡಿನೋವು ಇದ್ದು ಮೂಟೆ ಎತ್ತಲಾಗದವರು ಕರೆಂಟನ್ನೇ ನೆಚ್ಚಿಕೊಂಡರೆ ತಪ್ಪೇನಿಲ್ಲ. ಆದರೆ ಜೊತೆಗೆ ತೇವ ಹೀರುವ ಯಂತ್ರ ಬೇಕೇ ಬೇಕು, ಅದರಲ್ಲೂ ಚಳಿಯಲ್ಲಿ ಚೆನ್ನಾಗಿ ಕೆಲಸ ಮಾಡುವ ಡೆಸಿಕ್ಯಾಂಟ್ (ತೇವ ಹೀರುವ ವಸ್ತು ತುಂಬಿದ) ಬಗೆಯದು. ಯಾವ ಬಿಸಿಯೇ ಇರಲಿ, ಹಾಸಿಗೆಯನ್ನು ಉಕ್ಕಿನ ಗೋಡೆಗೆ ಒತ್ತಿ ಇಡಬೇಡಿ. ಕೆಳಗೆ ನಡುನಡುವೆ ಸಂದಿ ಇರುವ ಹಲಗೆ ಹಾಕಿ, ತಿಂಗಳಿಗೊಮ್ಮೆ ಎತ್ತಿ ಗಾಳಿಗಿಡಿ.