ಟಾಟಾ ಆಸ್ಪತ್ರೆಯ ಸ್ಲೈಡ್ ರಿವ್ಯೂ: ಮಾವನ ಬ್ಲಾಕ್ ಹಿಡಿದುಕೊಂಡು ಮುಂಬೈನ ಪರೇಲಿಗೆ ಹೋಗಿದ್ದು

ಐದಕ್ಕೆ ಐದು ಕೊಡುತ್ತಿದ್ದೇನೆ, ಅದೂ ಪೆಥಾಲಜಿ ವಿಭಾಗಕ್ಕೆ, ಅಂದರೆ ದೇಹದಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವವರಿಗೆ. ರೋಗಿಯ ಮುಖವನ್ನೇ ನೋಡದೆ ಕೆಲಸ ಮಾಡುವವರಿಗೆ ಯಾರು ರಿವ್ಯೂ ಬರೆಯುತ್ತಾರೆ ಹೇಳಿ.

ಮಾವನಿಗೆ ಡೊಂಬಿವಲಿಯಲ್ಲಿ ಸಣ್ಣ ಹೋಟೆಲ್. ಗಲ್ಲಾದಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಟು ಎಣಿಸುತ್ತಿದ್ದರು, ನಾವು ಸುಮ್ನೆ ತಮಾಷೆ ಮಾಡಿದೆವು. ಎರಡೂ ಕಣ್ಣು ತೆರೆದರೆ ಒಂದು ನೋಟು ಎರಡಾಗಿ ಕಾಣುತ್ತಿತ್ತಂತೆ. ಜೊತೆಗೆ ತಲೆನೋವು, ರಾತ್ರಿಯಿಡೀ ಬಾಯಾರಿಕೆ, ಬೆಳಗಾಗುವಷ್ಟರಲ್ಲಿ ಮೂರು ತಂಬಿಗೆ ನೀರು ಖಾಲಿ. ಶುಗರ್ ಇರಬೇಕು ಅಂತ ಟೆಸ್ಟ್ ಮಾಡಿಸಿದರೆ ನಾರ್ಮಲ್. ಕೊನೆಗೆ ಎಂಆರ್‌ಐಯಲ್ಲಿ ಸಿಕ್ಕಿತು: ಮೂಗಿನ ಹಿಂದೆ, ಮೆದುಳಿನ ಬುಡದಲ್ಲಿ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಇರುತ್ತದಲ್ಲ, ಅಲ್ಲಿ ಗಡ್ಡೆ.

ಹತ್ತಿರದ ಒಂದು ಆಸ್ಪತ್ರೆಯವರು "ಅಡಿನೋಮಾ, ಮೂಗಿನೊಳಗಿಂದ ತೆಗೆದರೆ ಮುಗೀತು" ಅಂದರು. ಅಡಿನೋಮಾ ಅಂದರೆ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲದ ಗಡ್ಡೆ. ಅವರು ಹಾಗಂದದ್ದನ್ನು ತಪ್ಪು ಅನ್ನಲಾರೆ, ಪಿಟ್ಯುಟರಿ ಗಡ್ಡೆಗಳಲ್ಲಿ ಬಹುಪಾಲು ಅದೇ. ಸಿಟ್ಟು ಬಂದದ್ದು ಆಮೇಲೆ. ಆಪರೇಷನ್ ಆದ ಮೇಲೆ ಬಂದ ಬಯಾಪ್ಸಿ ರಿಪೋರ್ಟಿನಲ್ಲಿ ಎರಡೇ ಸಾಲು, ಕೊನೆಯಲ್ಲೊಂದು ಪ್ರಶ್ನೆ ಚಿಹ್ನೆ. ಟಾಟಾದಲ್ಲಿ ಇನ್ನೊಮ್ಮೆ ನೋಡಿಸೋಣ ಅಂತ ಬ್ಲಾಕ್ ಕೇಳಿದರೆ ಬರೀ ಸ್ಲೈಡ್ (ಚೂರಿನ ತೆಳು ಪದರ ಅಂಟಿಸಿದ ಗಾಜು) ಕೊಟ್ಟು ಕಳಿಸಿದರು, ಇನ್ನೊಂದು ಸಲ ಹೋಗಿ ಜಗಳ ಆಡಿ ತಂದೆ. ಬ್ಲಾಕ್ ಅಂದರೆ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಬಿಲ್ಲೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ನಡುವೆ ಅಕ್ಕಿಕಾಳಿನಷ್ಟು ಮಾಸಲು ಚುಕ್ಕೆ. ಮಾವನ ಹಣೆಬರಹ ಅಷ್ಟರಲ್ಲೇ ಇತ್ತು. ಸ್ಟೀಲ್ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟು, ಲೋಕಲ್ ರಶ್ಶಿನಲ್ಲಿ ಎದೆಗೆ ಅವಚಿಕೊಂಡು ದಾದರಿನಲ್ಲಿ ಇಳಿದೆ.

1941ರಲ್ಲಿ ಶುರುವಾದ ಆಸ್ಪತ್ರೆ, ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ, ಜಾತ್ರೆಯೇ. ಆದರೂ ಕೌಂಟರಿನವರು ಬ್ಲಾಕ್ ಮೇಲಿನ ನಂಬರನ್ನು ರಿಪೋರ್ಟಿನ ನಂಬರಿಗೆ ಬೆರಳಿಟ್ಟು ತಾಳೆ ನೋಡಿಯೇ ತಗೊಂಡರು. ಅದೇ ಮೇಣದಿಂದ ಹೊಸ ತೆಳು ಪದರ ಕತ್ತರಿಸಿ, ಬೇರೆ ಬೇರೆ ಬಣ್ಣದ ಪರೀಕ್ಷೆ ಮಾಡಿ, ಸಿಡಿ20 (ಬಿ ಕಣಗಳ ಮೇಲಿರುವ ಗುರುತು) ಪಾಸಿಟಿವ್, ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ ಅಂತ ಸ್ಪಷ್ಟವಾಗಿ ಬರೆದು ಕೊಟ್ಟರು. ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರ್, ಪಿಟ್ಯುಟರಿಯಲ್ಲಿ ಬಂದು ಕೂತಿದೆ! ತೀರಾ ಅಪರೂಪ. ಆ ಬಾಯಾರಿಕೆಯೇ ಸುಳಿವು ಕೊಟ್ಟಿತ್ತಂತೆ, ಮಾಮೂಲಿ ಅಡಿನೋಮಾದಲ್ಲಿ ಆಪರೇಷನ್ನಿಗೆ ಮುಂಚೆ ಅದು ಕಾಣುವುದು ಕಡಿಮೆ.

ಹೆಸರು ಬದಲಾದದ್ದೇ ಔಷಧವೂ ಬದಲಾಯಿತು. ಇದಕ್ಕೆ ಚಾಕು ಸಾಲದು, ಹೈ ಡೋಸ್ ಮೆಥೊಟ್ರೆಕ್ಸೇಟ್, ರಿಟಕ್ಸಿಮ್ಯಾಬ್ ಬೇಕು. ಬೇರೆಲ್ಲೂ ಇಲ್ಲವಾ ಅಂತ ನೋಡಲು ಪೆಟ್ ಸ್ಕ್ಯಾನ್, ಬೆನ್ನುಹುರಿ ಸುತ್ತಲಿನ ನೀರಿನ ಪರೀಕ್ಷೆ, ಎಚ್‌ಐವಿ ಟೆಸ್ಟ್. ಕೊನೆಯದನ್ನು ಕೇಳಿ ಅತ್ತೆ ಬೆಚ್ಚಿಬಿದ್ದರು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಇದು ಜಾಸ್ತಿ, ಅದಕ್ಕೇ ಎಲ್ಲರಿಗೂ ಮಾಡಿಸುತ್ತೇವೆ ಅಂತ ಡಾಕ್ಟರ್ ಸಮಾಧಾನ ಮಾಡಬೇಕಾಯಿತು. ಅವರು ಮೊದಲು ಕೇಳಿದ ಪ್ರಶ್ನೆ, "ಬಯಾಪ್ಸಿಗೆ ಮುಂಚೆ ಸ್ಟೆರಾಯ್ಡ್ ಕೊಟ್ಟಿದ್ದರಾ?" ಲಿಂಫೋಮಾ ಸ್ಟೆರಾಯ್ಡಿಗೆ ಕರಗಿಬಿಡುತ್ತದೆ, ಆಮೇಲೆ ಚೂರು ತೆಗೆದರೂ ಏನೂ ಸಿಗದೆ ಹೋಗಬಹುದು. ದೇಹದ್ದೇ ಸ್ಟೆರಾಯ್ಡ್ ಹಾರ್ಮೋನು ಕಾರ್ಟಿಸಾಲ್ ಕಡಿಮೆ ಇದ್ದವರಿಗೆ ಸ್ಟೆರಾಯ್ಡ್ ಕೊಡಲೇಬೇಕು, ಅದು ಬೇರೆ ಮಾತು.

ಹೋಗುವವರು ಸ್ಲೈಡಿನ ಜೊತೆ ಬ್ಲಾಕ್, ಹಳೇ ರಿಪೋರ್ಟ್, ಎಂಆರ್‌ಐ ಸಿಡಿ ತಗೊಂಡು ಹೋಗಿ. ಹೊಟ್ಟೆ ಹಸಿದರೆ ಉಡುಪಿ ಹೋಟೆಲುಗಳ ಮಾಟುಂಗ ಹತ್ತಿರವೇ ಇದೆ. ಮಾವನಿಗೆ ಕೀಮೋದ ಮೂರನೇ ಸೈಕಲ್ (ಸುತ್ತು) ಮುಗಿದಿದೆ, ನೋಟು ಈಗ ಒಂದೇ ಕಾಣುತ್ತದಂತೆ. ಆದರೂ ಎಣಿಸುವಾಗ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ.