ಕ್ಲಾಸ್ ರೂಮುಗಳ ಮೇಲಿನ ಮ್ಯೂಸಿಯಂ: ವಿಲೇರ್-ಬ್ರೆಟನೋದ ವಿಕ್ಟೋರಿಯಾ ಶಾಲೆ

ಮೊದಲೇ ಹೇಳಿಬಿಡುತ್ತೇನೆ. ಫ್ರಾನ್ಸಿಗೆ ನಾಲ್ಕೇ ದಿನಕ್ಕೆ ಬಂದವರು ಪ್ಯಾರಿಸ್‌ನಲ್ಲೇ ಇದ್ದುಬಿಡಿ. ಇದು ವಿಲೇರ್-ಬ್ರೆಟನೋ ಎಂಬ ಚಿಕ್ಕ ಊರಿನ ಒಂದು ಪ್ರೈಮರಿ ಶಾಲೆ, ಅದರ ಮಹಡಿಯಲ್ಲೊಂದು ಮ್ಯೂಸಿಯಂ. ಅಷ್ಟೇ. ನಾವು ಹೋಗಿದ್ದು ನನ್ನ ಮಗನ ಹಟಕ್ಕೆ.

ನಾವಿರುವುದು ಮೆಲ್ಬರ್ನ್‌ನಲ್ಲಿ. ಮಗ ಓದುವುದು ಮನೆ ಹತ್ತಿರದ ಕ್ಯಾಥೊಲಿಕ್ ಶಾಲೆಯಲ್ಲಿ, ನಾಲ್ಕನೇ ಕ್ಲಾಸು. ಏಪ್ರಿಲ್ ಬಂತೆಂದರೆ ಅಲ್ಲಿ ಆಂಜಾಕ್ ಡೇ ಗಡಿಬಿಡಿ. ಯುದ್ಧಗಳಲ್ಲಿ ಸತ್ತ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರನ್ನು ನೆನೆಯುವ ದಿನ, ಏಪ್ರಿಲ್ 25. ಸತ್ತ ಸೈನಿಕರಿಗೆ ಪ್ರಾರ್ಥನೆ, ಆಮೇಲೆ ಓಟ್ಸ್, ಕೊಬ್ಬರಿ, ಗೋಲ್ಡನ್ ಸಿರಪ್ ಹಾಕಿದ ಬಿಸ್ಕತ್ತು. ಈ ಸಲ ಟೀಚರ್ ಒಂದು ಕಥೆ ಹೇಳಿದರಂತೆ. ಹತ್ತಿರ ಹತ್ತಿರ ನೂರು ವರ್ಷದ ಹಿಂದೆ ನಮ್ಮ ವಿಕ್ಟೋರಿಯಾ ರಾಜ್ಯದ ಮಕ್ಕಳು ಚಿಲ್ಲರೆ ಕೂಡಿಸಿ ಫ್ರಾನ್ಸಿನ ಮಕ್ಕಳಿಗೆ ಶಾಲೆ ಕಟ್ಟಿಸಿಕೊಟ್ಟರು ಅಂತ. ಅವತ್ತಿನಿಂದ "ಅದು ಈಗಲೂ ಇದೆಯಾ, ಒಳಗೆ ಮಕ್ಕಳು ಇದ್ದಾರಾ" ಅಂತ ಒಂದೇ ರಾಗ.

ನಮ್ಮ ಮಾವ ಅರಸೀಕೆರೆ ಕಡೆ ಮೂವತ್ತೆರಡು ವರ್ಷ ಪ್ರೈಮರಿ ಮೇಷ್ಟ್ರಾಗಿದ್ದವರು. ಕಥೆ ಕೇಳಿ ಅವರಿಗೆ ನಂಬಿಕೆಯೇ ಬರಲಿಲ್ಲ. "ಒಂದು ರೂಮಿಗೆ ಹೆಂಚು ಹಾಕ್ಸೋಕೆ ನಾನು ಊರೆಲ್ಲ ಎರಡು ವರ್ಷ ಅಲೆದಿದೀನಿ ಕಣಮ್ಮ. ಮಕ್ಕಳ ಚಿಲ್ಲರೆಲಿ ಇಡೀ ಶಾಲೆನಾ?" ಅಂದರು. ಸೆಪ್ಟೆಂಬರ್ ರಜೆಗೆ ಮೂರು ತಲೆಮಾರು ಹೊರಟೆವು.

ಪ್ಯಾರಿಸ್‌ನಿಂದ ಆಮಿಯೆನ್ಸ್‌ಗೆ ರೈಲು, ಅಲ್ಲಿಂದ ಲೋಕಲ್ ರೈಲಿನಲ್ಲಿ ಸ್ವಲ್ಪವೇ ದೂರ. ಸ್ಟೇಷನ್ನಿನಿಂದ ನಡೆದೇ ಹೋದೆವು. ದಾರಿಯಲ್ಲಿ ಮಗ ಬೋರ್ಡು ಓದಿ ಕುಣಿದಾಡಿದ: ರ‍್ಯೂ ದ ಮೆಲ್ಬರ್ನ್! ಶಾಲೆ ಇರುವ ಬೀದಿಯ ಹೆಸರೂ ವಿಕ್ಟೋರಿಯಾ. ಪುರಸಭೆ ಮುಂದೆ ಕಾಂಗರೂ ಬೊಂಬೆ. ನಮ್ಮ ಆಸ್ಟ್ರೇಲಿಯಾದವರು ಈ ಊರಿನ ಹೆಸರು ಬಾಯಿಗೆ ತಿರುಗದೆ 'ವಿ.ಬಿ.' ಅಂತಾರೆ. ಆಸ್ಟ್ರೇಲಿಯಾದಲ್ಲಿ ಅದೇ ಹೆಸರಿನ ಬಿಯರ್ ಕೂಡ ಇರೋದರಿಂದ ಮರೆಯೋದು ಕಷ್ಟ.

ಮೊದಲ ಮಹಾಯುದ್ಧದಲ್ಲಿ, 1918ರ ಏಪ್ರಿಲ್ 24ರಂದು ಜರ್ಮನ್ನರು ಈ ಊರನ್ನು ಹಿಡಿದರು. ಟ್ಯಾಂಕಿಗೆ ಟ್ಯಾಂಕು ಎದುರಾಗಿ ಕಾದಾಡಿದ ಮೊದಲ ಸಂದರ್ಭವೂ ಅವತ್ತೇ, ಇಲ್ಲೇ ಪಕ್ಕದಲ್ಲಿ. ಅದೇ ರಾತ್ರಿ ಆಸ್ಟ್ರೇಲಿಯಾದ ಎರಡು ಬ್ರಿಗೇಡುಗಳು ಎರಡು ಕಡೆಯಿಂದ ನುಗ್ಗಿದವು. ಬ್ರಿಟಿಷ್ ಪಡೆಗಳೂ ಜೊತೆಗಿದ್ದವು. ಊರು ವಾಪಸ್ ಸಿಕ್ಕಿತು, ಆದರೆ ಮನೆಗಳೇ ಉಳಿದಿರಲಿಲ್ಲ. ಬೆಳಗಾದರೆ ಏಪ್ರಿಲ್ 25. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರು ಟರ್ಕಿಯ ಗ್ಯಾಲಿಪೊಲಿಯಲ್ಲಿ ಇಳಿದು ಸರಿಯಾಗಿ ಮೂರು ವರ್ಷ, ಆಂಜಾಕ್ ಡೇ ಅದರ ನೆನಪಿಗೇ. ಹಾಗಾಗಿ ಶಾಲೆಯನ್ನೂ ಏಪ್ರಿಲ್ 25ಕ್ಕೇ ತೆರೆದರು, 1927ರಲ್ಲಿ.

ದುಡ್ಡಿನ ವಿಷಯ ಮಾವನಿಗೆ ಬಿಡಿಸಿ ಹೇಳಬೇಕಾಯಿತು. ಪೂರ್ತಿ ಮಕ್ಕಳ ಪೆನ್ನಿಯೇ ಅಲ್ಲ, ದೊಡ್ಡವರೂ ಕೊಟ್ಟಿದ್ದಾರೆ. ಆದರೆ ದೊಡ್ಡ ಪಾಲು ಬಂದಿದ್ದು ವಿಕ್ಟೋರಿಯಾದ ಸರ್ಕಾರಿ ಶಾಲೆಗಳ ಯುದ್ಧ ಪರಿಹಾರ ನಿಧಿಯಿಂದ, ಮಕ್ಕಳು ಮೇಷ್ಟ್ರುಗಳು ಸೇರಿ ಯುದ್ಧದ ಕಾಲದಿಂದಲೂ ಕೂಡಿಸಿದ ಹಣ. "ಹಾಗಾದ್ರೆ ಸರಿ, ಮೇಷ್ಟ್ರುಗಳು ಇದ್ರಲ್ಲ" ಅಂತ ಸಮಾಧಾನವಾಯಿತು ಅವರಿಗೆ. ಮಗನಿಗೆ ಮಾತ್ರ ಬೇಜಾರು. "ನಮ್ಮ ಶಾಲೆ ಕೊಟ್ಟಿಲ್ವಾ?" ಆ ಶಾಲೆ ಆಗ ಹುಟ್ಟೇ ಇರಲಿಲ್ಲ ಕಣೋ ಅಂದೆ.

ಇಟ್ಟಿಗೆ ಕಟ್ಟಡ. ಗೋಡೆಯ ಫಲಕದಲ್ಲಿ ಇದು ವಿಕ್ಟೋರಿಯಾದ ಶಾಲಾಮಕ್ಕಳ ಕಾಣಿಕೆ ಎಂದಿದೆ. ಊರು ಬಿಡಿಸಲು ಹೋಗಿ ಸತ್ತವರು ಆ ಮಕ್ಕಳ ಅಪ್ಪಂದಿರು, ಅಣ್ಣಂದಿರು ಅಂತಲೂ ಇದೆ. 1,200 ಜನ ಅಂತ ಬರೆದಿದ್ದಾರೆ. ಅಂಗಳದ ಚಾವಣಿ ಕೆಳಗೆ ಈ ತುದಿಯಿಂದ ಆ ತುದಿವರೆಗೆ ದೊಡ್ಡ ಇಂಗ್ಲಿಷ್ ಅಕ್ಷರ: ಡು ನಾಟ್ ಫರ್ಗೆಟ್ ಆಸ್ಟ್ರೇಲಿಯಾ. ನಡೆಯುವ ಶಾಲೆ ಇದು, ಹಾಗಾಗಿ ಕ್ಲಾಸಿಗೆ, ಅಂಗಳಕ್ಕೆ ಸುಮ್ನೆ ನುಗ್ಗುವಂತಿಲ್ಲ. ನಾವು ಬೇಲಿ ಆಚೆಯಿಂದಲೇ ನೋಡಿದೆವು. ಮಗನ ಹಳದಿ-ಹಸಿರು ಕ್ರಿಕೆಟ್ ಟೋಪಿ ಕಂಡು ಇಬ್ಬರು ಹುಡುಗರು ಓಡಿ ಬಂದರು. ಭಾಷೆ ಬರಲ್ಲ. ಒಬ್ಬ ಎರಡೂ ಕೈ ಎದೆಗೆ ಮಡಚಿ ಕುಪ್ಪಳಿಸಿ ತೋರಿಸಿದ. ಇವನೂ ಕುಪ್ಪಳಿಸಿದ. ಮಾತುಕತೆ ಮುಗಿಯಿತು.

ನನಗೆ ಜಾಸ್ತಿ ಹಿಡಿಸಿದ್ದು ಶಾಲೆಯ ವಿಕ್ಟೋರಿಯಾ ಹಾಲ್. ಗೋಡೆಗಳ ಮೇಲೆ ಆಸ್ಟ್ರೇಲಿಯಾದ ಪ್ರಾಣಿ, ಗಿಡ, ಹೂಗಳ ಮರದ ಕೆತ್ತನೆ. ಮಗ ತನ್ನ ಕ್ಲಾಸಿನಲ್ಲಿದ್ದ ಹಾಗೆ ಶಿಲುಬೆ ಎಲ್ಲಿದೆ ಅಂತ ಗೋಡೆಯೆಲ್ಲ ಹುಡುಕಿದ. ಫ್ರಾನ್ಸಿನ ಸರ್ಕಾರಿ ಶಾಲೆಗಳಲ್ಲಿ ಅದನ್ನು ಹಾಕಲ್ಲ, ಇಲ್ಲಿ ಅದರ ಬದಲು ಕಾಂಗರೂ ಅಂದುಕೋ ಅಂದೆ. ಮಾವನ ಕಣ್ಣು ಕೆತ್ತನೆ ಮೇಲಿರಲಿಲ್ಲ. ಕತ್ತೆತ್ತಿ ಚಾವಣಿಯ ಮೂಲೆಮೂಲೆ ನೋಡುತ್ತಿದ್ದರು. "ಎಲ್ಲೂ ಸೋರಿಲ್ಲ."

ಮಹಡಿಯ ಮ್ಯೂಸಿಯಂನಲ್ಲಿ ಫೋಟೋ, ಸಮವಸ್ತ್ರ, ಸೈನಿಕರ ಸಾಮಾನು. ಒಂದೂವರೆ ಗಂಟೆ ಸಾಕು. ದೊಡ್ಡ ಪರದೆ, ಸದ್ದು, ಹೊಗೆ ಬೇಕು ಅನ್ನುವವರು ಊರಾಚೆಯ ಸರ್ ಜಾನ್ ಮೊನಾಶ್ ಸೆಂಟರ್‌ಗೆ ಹೋಗಿ. 2018ರಲ್ಲಿ ತೆರೆದಿದ್ದು, ಪಕ್ಕದಲ್ಲೇ ಆಸ್ಟ್ರೇಲಿಯಾದ ರಾಷ್ಟ್ರೀಯ ಸ್ಮಾರಕ, ಗುರುತೇ ಸಿಗದೆ ಹೋದ ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು. ಭವ್ಯವಾಗಿದೆ, ಹೌದು. ಆದರೆ ಅಲ್ಲಿ ಪಿಸುಮಾತಿನಲ್ಲೇ ಮಾತಾಡಬೇಕು. ಇಲ್ಲಿ ನಾನು ಸತ್ತ ಹುಡುಗನ ಫೋಟೋ ನೋಡುತ್ತ ನಿಂತಿದ್ದಾಗ ಕೆಳಗೆ ಮಕ್ಕಳು ಕಿರುಚಿಕೊಂಡು ಆಡುತ್ತಿದ್ದರು. ಆ ಗಲಾಟೆ ಇಲ್ಲದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಲೇ ಇರಲಿಲ್ಲ.

2009ರ ಫೆಬ್ರವರಿಯ ಕಾಡ್ಗಿಚ್ಚಿನಲ್ಲಿ ಮೆಲ್ಬರ್ನ್ ಹತ್ತಿರದ ಸ್ಟ್ರಾತೀವನ್ ಎಂಬ ಊರಿನ ಪ್ರೈಮರಿ ಶಾಲೆ ಸುಟ್ಟುಹೋಯಿತು. ಅದನ್ನು ಮತ್ತೆ ಕಟ್ಟಲು ವಿಲೇರ್-ಬ್ರೆಟನೋದವರು ಹಣ ಕೂಡಿಸಿ ಕಳಿಸಿದರು. ಇದನ್ನು ಹೇಳಿದಾಗ ಮಾವ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ನಮ್ಮವರೂ ಇಲ್ಲಿ ಸತ್ತಿದ್ರಲ್ವಾ?" ಹೌದು. ಉತ್ತರಕ್ಕೆ ನ್ಯೂವ್ ಶಾಪೆಲ್‌ನಲ್ಲಿ ಭಾರತೀಯ ಸ್ಮಾರಕ ಇದೆ, ಅದೂ 1927ರದ್ದೇ. 4,700ಕ್ಕೂ ಹೆಚ್ಚು ಹೆಸರುಗಳಿವೆ. ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಮಾತ್ರ ಈ ಕಡೆ ಅಲ್ಲ, ಈಗಿನ ಇಸ್ರೇಲ್‌ನ ಹೈಫಾದಲ್ಲಿ ಕಾದಿದ್ದು. "ಅಲ್ಲಿ ಶಾಲೆ ಇದೆಯಾ?" ಅಂದರು. ಇಲ್ಲ ಮಾವ, ಕಂಬ, ಗೋಡೆ. "ಹ್ಞೂಂ" ಅಂದರು.

ಹೋಗುವವರಿಗೆ ಎರಡು ಮಾತು. ಬುಧವಾರ ಬೇಡ, ಅಲ್ಲಿ ಎಷ್ಟೋ ಪ್ರೈಮರಿ ಶಾಲೆಗಳಿಗೆ ಅವತ್ತು ರಜೆ. ಮ್ಯೂಸಿಯಂ ತೆರೆದಿರುವ ಹೊತ್ತು ನೋಡಿಕೊಂಡು ಹೊರಡಿ. ಏಪ್ರಿಲ್ 25ಕ್ಕೆ ಹೋದರೆ ಬೆಳಗಿನ ಜಾವದ ಸ್ಮರಣೆಗೆ ಜನವೋ ಜನ. ಊಟ ಕಟ್ಟಿಕೊಂಡು ಹೋಗಿ. ಎರಡೂವರೆಗೆ ಒಂದು ಕೆಫೆ ಬಾಗಿಲು ತಟ್ಟಿದರೆ ಅಡುಗೆಮನೆ ಮುಚ್ಚಿದೆ ಅಂದರು. ಮಾವನ ಚೀಲದಲ್ಲಿದ್ದ ಚಕ್ಕುಲಿಯೇ ನಮ್ಮ ಮಧ್ಯಾಹ್ನದ ಊಟವಾಯಿತು.

ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಮಾವ ಐದಕ್ಕೆ ಐದು ಕೊಟ್ಟಿದ್ದಾರೆ, ಚಾವಣಿಗೆ.